ಮಗುವಿನ ಮೆದುಳಿನ ಗಡ್ಡೆಗೆ ಬಯಾಪ್ಸಿ ಬದಲು ಬೆನ್ನುನೀರಿನ ಪರೀಕ್ಷೆ ಸಾಕಾ?

ಹಾಸನದ ಮಾವ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗನಿಗೆ ಏಳು ವರ್ಷ. ಕಣ್ಣು ಮೆಳ್ಳೆಯಾಗಲು ಶುರುವಾಯಿತು. ಆಮೇಲೆ ನಡೆಯುವಾಗ ವಾಲುತ್ತಿದ್ದ, ಮಾತು ತೊದಲುತ್ತಿತ್ತು. ಎಮ್‌ಆರ್‌ಐ ಮಾಡಿಸಿದಾಗ ಮೆದುಳಿನ ಕಾಂಡದಲ್ಲಿ, ಪಾನ್ಸ್ ಅನ್ನುವ ಜಾಗದಲ್ಲಿ ಗಡ್ಡೆ ಇದೆ ಅಂದರು. ಡಿಐಪಿಜಿ (ಮಕ್ಕಳಲ್ಲಿ ಪಾನ್ಸ್ ಒಳಗೆಲ್ಲ ಹರಡಿ ಬೆಳೆಯುವ ಕೆಟ್ಟ ಗಡ್ಡೆ) ಇರಬಹುದು ಅನ್ನುತ್ತಾರೆ. "ಗಡ್ಡೆಯ ಚೂರು ತೆಗೆದು ಬಯಾಪ್ಸಿ ಮಾಡಬಹುದು, ಆದರೆ ಜಾಗ ಸೂಕ್ಷ್ಮ. ಮಾಡದೆ ನೇರ ಕರೆಂಟ್ (ರೇಡಿಯೇಷನ್) ಶುರು ಮಾಡಲೂಬಹುದು. ನೀವು ಯೋಚನೆ ಮಾಡಿ ಹೇಳಿ" ಅಂದಿದ್ದಾರೆ.

ಇದರ ಮಧ್ಯೆ ಭಾವನಿಗೆ ಯಾರೋ ವಾಟ್ಸಾಪ್‌ನಲ್ಲಿ ಒಂದು ಸುದ್ದಿ ಕಳಿಸಿದ್ದಾರೆ. ಅಮೆರಿಕದಲ್ಲಿ ಈಗ ತಲೆಗೆ ಕೈ ಹಾಕುವುದೇ ಇಲ್ಲವಂತೆ, ಬೆನ್ನುನೀರು (ಮೆದುಳು, ಬೆನ್ನುಹುರಿ ಸುತ್ತ ಇರುವ ನೀರು) ತೆಗೆದು ಅದರಲ್ಲೇ ಜೀನ್ ಪರೀಕ್ಷೆ ಮಾಡುತ್ತಾರಂತೆ. ಭಾವ ಅದನ್ನೇ ಹಿಡಿದು ಕೂತಿದ್ದಾರೆ, ಬಯಾಪ್ಸಿಗೆ ಸಹಿ ಹಾಕುವುದಿಲ್ಲ ಅನ್ನುತ್ತಿದ್ದಾರೆ. ಅಕ್ಕನಿಗೆ ಏನೂ ತೋಚುತ್ತಿಲ್ಲ. ಗೊತ್ತಿರುವವರು ನಿಜ ಹೇಳಿ. ಸಮಾಧಾನದ ಮಾತು ಬೇಡ.

ನಿವೃತ್ತ ಸಿಸ್ಟರ್

ಮಾವನವರೇ, ಮೊದಲು ಒಂದು ವಿಷಯ. ಬೆನ್ನುನೀರು ತೆಗೆಯುವುದು ಸಾಮಾನ್ಯವಾಗಿ ಸಣ್ಣ ಕೆಲಸ. ಮಗುವನ್ನು ಮಗ್ಗುಲಿಗೆ ಮುದುರಿ ಮಲಗಿಸಿ, ಸೊಂಟದ ಹತ್ತಿರ ಮೂಳೆಗಳ ನಡುವೆ ಸೂಜಿ ಹಾಕುತ್ತಾರೆ. ಆ ಮಟ್ಟದಲ್ಲಿ ಬೆನ್ನುಹುರಿ ಮುಗಿದಿರುತ್ತದೆ, ಹಾಗಾಗಿ ಹುರಿಗೆ ಪೆಟ್ಟಾಗುವ ಭಯ ಇಲ್ಲ. ಚಿಕ್ಕ ಮಕ್ಕಳಿಗೆ ಸ್ವಲ್ಪ ಮಂಪರು ಕೊಟ್ಟೇ ಮಾಡುತ್ತಾರೆ. ಕೆಲವರಿಗೆ ಆಮೇಲೆ ತಲೆನೋವು ಬರುತ್ತದೆ, ಮಲಗಿದರೆ ಕಡಿಮೆಯಾಗುತ್ತದೆ.

ಆದರೆ ಗಡ್ಡೆ ನೀರಿನ ದಾರಿಗೆ ಅಡ್ಡ ಬಂದು ತಲೆಯೊಳಗೆ ಒತ್ತಡ ಏರಿದ್ದರೆ ಈ ಸಣ್ಣ ಕೆಲಸವೇ ಅಪಾಯ. ಕೆಳಗೆ ನೀರು ತೆಗೆದ ಕೂಡಲೇ ಮೇಲಿನ ಒತ್ತಡಕ್ಕೆ ಮೆದುಳು ಕೆಳಗೆ ಜಾರಬಹುದು. ಜೀವಕ್ಕೇ ಬರುತ್ತದೆ. ಅದಕ್ಕೇ ತಲೆಯ ಹಿಂಭಾಗದಲ್ಲಿ ಗಡ್ಡೆ ಇರುವ ಮಗುವಿಗೆ ಸ್ಕ್ಯಾನ್ ನೋಡದೆ ಯಾರೂ ಬೆನ್ನಿಗೆ ಸೂಜಿ ಹಾಕುವುದಿಲ್ಲ. ವಾಂತಿ, ಬೆಳಿಗ್ಗೆ ತಲೆನೋವು, ಜಾಸ್ತಿ ನಿದ್ದೆ ಇದ್ದರೆ ಇವತ್ತೇ ಡಾಕ್ಟರಿಗೆ ಹೇಳಿ. ತಲೆಯಲ್ಲಿ ನೀರು ತುಂಬಿದೆಯಾ ಅಂತ ಬಾಯಿಬಿಟ್ಟು ಕೇಳಿ.

ತಲೆಯ ನೀರನ್ನು ಹೊಟ್ಟೆಯ ಕಡೆಗೆ ಇಳಿಸುವ ನಳಿಗೆ, ಅಂದರೆ ಷಂಟ್ ಇಟ್ಟಿದ್ದರೆ, ಅಥವಾ ತಾತ್ಕಾಲಿಕವಾಗಿ ನೀರು ಹೊರಗೆ ಬಿಡುವ ನಳಿಗೆ ಹಾಕಿದ್ದರೆ, ಆ ಆಪರೇಷನ್ ಹೊತ್ತಿನಲ್ಲೇ ನೀರು ಸಿಗುತ್ತದೆ. ಬೇರೆ ಸೂಜಿ ಬೇಕಾಗುವುದಿಲ್ಲ.

ಪೆಥಾಲಜಿ ಲ್ಯಾಬ್‌ನವ

ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ರೋಗಿ ನೋಡುವ ಡಾಕ್ಟರ್ ಅಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ನಿಮ್ಮ ಭಾವ ಓದಿದ ಸುದ್ದಿಯಲ್ಲಿ ಅರ್ಧ ನಿಜ ಇದೆ. ಗಡ್ಡೆಯ ಜೀವಕೋಶಗಳು ಸತ್ತಾಗ ಅವುಗಳ ಡಿಎನ್‌ಎ ಚೂರಾಗಿ ಸುತ್ತಲಿನ ನೀರಿಗೆ ಸೇರುತ್ತದೆ. ಚೂರುಗಳು ತುಂಬ ಸಣ್ಣವು, ಸುಮಾರು 166 ಅಕ್ಷರದಷ್ಟು ಉದ್ದ. ಮೆದುಳು, ಬೆನ್ನುಹುರಿ ಸುತ್ತ ಹರಿಯುವ ನೀರಿನಲ್ಲಿ ಅವನ್ನು ಹುಡುಕಬಹುದು. ಲಿಕ್ವಿಡ್ ಬಯಾಪ್ಸಿ ಅನ್ನುವುದು ಇದನ್ನೇ.

ನಿಮ್ಮ ಹುಡುಗನಿಗೆ ಅನುಮಾನ ಇರುವ ಕಾಯಿಲೆಗೆ ಈ ಪರೀಕ್ಷೆ ಚೆನ್ನಾಗಿ ಹೊಂದುತ್ತದೆ. ಕಾರಣ ಇದೆ. ಡಿಐಪಿಜಿ ಮಕ್ಕಳಲ್ಲಿ ಹೆಚ್ಚಿನವರ ಗಡ್ಡೆಯಲ್ಲಿ ಒಂದೇ ಜಾಗದಲ್ಲಿ, ಒಂದೇ ಥರ ತಪ್ಪು ಇರುತ್ತದೆ. ಹಿಸ್ಟೋನ್ ಎಚ್3 ಅನ್ನುವ ಪ್ರೋಟೀನಿನ 27ನೇ ಜಾಗದಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ ಇರಬೇಕಾದ ಕಡೆ ಮೆಥಿಯೋನಿನ್ ಬಂದಿರುತ್ತದೆ. ಕೆ27ಎಮ್ ಅಂತ ಬರೆಯುತ್ತಾರೆ. 2012ರಲ್ಲಿ ಇದು ಗೊತ್ತಾಯಿತು. ಈಗ ರಿಪೋರ್ಟ್‌ನಲ್ಲಿ ಡಿಐಪಿಜಿ ಅನ್ನುವ ಹೆಸರಿಗಿಂತ "ಡಿಫ್ಯೂಸ್ ಮಿಡ್‌ಲೈನ್ ಗ್ಲಿಯೋಮಾ, ಎಚ್3 ಕೆ27 ಆಲ್ಟರ್ಡ್" ಅಂತಲೇ ಬರೆಯುವುದು ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಪಟ್ಟಿಯಲ್ಲಿ ಇರುವುದೂ ಇದೇ ಹೆಸರು. ಗ್ಲಿಯೋಮಾ ಅಂದರೆ ಮೆದುಳಿನ ನರಕೋಶಗಳಿಗೆ ಆಸರೆಯಾದ ಗ್ಲಿಯಾ ಕೋಶಗಳ ಗಡ್ಡೆ.

ಏನು ಹುಡುಕಬೇಕು ಅಂತ ಮೊದಲೇ ಗೊತ್ತಿದ್ದರೆ ಹುಡುಕುವುದು ಸುಲಭ. ಡ್ರಾಪ್ಲೆಟ್ ಪಿಸಿಆರ್ ಅಂತ ಒಂದು ವಿಧಾನ ಇದೆ. ಮಾದರಿಯನ್ನು ಸುಮಾರು 20,000 ಸಣ್ಣ ಹನಿ ಮಾಡಿ, ಪ್ರತಿ ಹನಿಯಲ್ಲೂ ಆ ತಪ್ಪು ಅಕ್ಷರ ಇದೆಯಾ ಅಂತ ನೋಡುವುದು. ಕಲ್ಲು ಆರಿಸುವಾಗ ಚೀಲದ ಅಕ್ಕಿಯನ್ನು ಒಟ್ಟಿಗೆ ನೋಡದೆ ಮೊರಕ್ಕೆ ಸ್ವಲ್ಪ ಸ್ವಲ್ಪ ಹಾಕಿಕೊಂಡು ನೋಡುತ್ತೇವಲ್ಲ, ಹಾಗೆ. 2018ರಲ್ಲಿ ಅಮೆರಿಕದ ಒಂದು ತಂಡ ಇದೇ ವಿಧಾನದಲ್ಲಿ ಮಕ್ಕಳ ಬೆನ್ನುನೀರು ಮತ್ತು ರಕ್ತ ಪರೀಕ್ಷೆ ಮಾಡಿತು. ಶೇಕಡ 88 ಮಕ್ಕಳಲ್ಲಿ ಕೆ27ಎಮ್ ಸಿಕ್ಕಿತು. ರಕ್ತಕ್ಕಿಂತ ಬೆನ್ನುನೀರಿನಲ್ಲಿ ಹೆಚ್ಚು ಸಿಕ್ಕಿತು.

ಈಗ ಇನ್ನರ್ಧ. ಸಿಕ್ಕಿದರೆ ಅದಕ್ಕೆ ತೂಕ ಇದೆ. ಸಿಗದಿದ್ದರೆ? "ಗಡ್ಡೆ ಆ ಜಾತಿಯದಲ್ಲ" ಅಂತ ಅರ್ಥ ಅಲ್ಲ. ಡಿಎನ್‌ಎ ನೀರಿಗೆ ಬಿದ್ದಿರಲಿಕ್ಕಿಲ್ಲ, ಬಿದ್ದಿದ್ದೂ ಸಾಗಿಸುವಾಗ ಹಾಳಾಗಿರಬಹುದು. ಮನೆಯವರು ಸಾಮಾನ್ಯವಾಗಿ ನೆಗೆಟಿವ್ ಅಂದ ತಕ್ಷಣ ಉಸಿರು ಬಿಡುತ್ತಾರೆ. ಈ ಪರೀಕ್ಷೆಯಲ್ಲಿ ಹಾಗೆ ಮಾಡಬಾರದು.

ಸುಮ್ನೆ ಓದುಗ

ಬೆನ್ನುನೀರು ಯಾಕೆ, ರಕ್ತದಲ್ಲೇ ಆಗಲ್ವಾ? ದೊಡ್ಡವರ ಶ್ವಾಸಕೋಶದ ಕ್ಯಾನ್ಸರಿಗೆ ಬರೀ ರಕ್ತ ತೆಗೆದುಕೊಂಡು ಜೀನ್ ರಿಪೋರ್ಟ್ ಕೊಡುತ್ತಾರೆ. ನಮ್ಮ ಚಿಕ್ಕಪ್ಪನಿಗೇ ಕೊಟ್ಟಿದ್ದರು.

ಪೆಥಾಲಜಿ ಲ್ಯಾಬ್‌ನವ

ಶ್ವಾಸಕೋಶಕ್ಕೂ ರಕ್ತಕ್ಕೂ ನಡುವೆ ಅಷ್ಟು ಗಟ್ಟಿ ತಡೆ ಇಲ್ಲ. ಮೆದುಳಿನ ರಕ್ತನಾಳಗಳ ಗೋಡೆ ಬಿಗಿ. ಒಳಗಿನದ್ದು ಹೊರಗೆ ಸುಲಭಕ್ಕೆ ಬರುವುದಿಲ್ಲ. ಬಂದರೂ ರಕ್ತದಲ್ಲಿ ಬೇರೆ ಜೀವಕೋಶಗಳ ಡಿಎನ್‌ಎ ರಾಶಿ ಇರುತ್ತದೆ, ಅದರಲ್ಲಿ ಮುಳುಗಿಹೋಗುತ್ತದೆ. ಬೆನ್ನುನೀರಿನಲ್ಲಿ ಆ ಗಲಾಟೆ ಕಡಿಮೆ.

ಬೆನ್ನುನೀರೂ ಯಾವಾಗಲೂ ಸಿದ್ಧವಾಗಿ ಉತ್ತರ ಕೊಡುವುದಿಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನವರು 2019ರಲ್ಲಿ ಗ್ಲಿಯೋಮಾ ಇದ್ದ 85 ದೊಡ್ಡವರ ಬೆನ್ನುನೀರು ನೋಡಿದ್ದರು. 42 ಜನರಲ್ಲಿ ಮಾತ್ರ ಗಡ್ಡೆಯ ಡಿಎನ್‌ಎ ಸಿಕ್ಕಿತು. ಅರ್ಧಕ್ಕರ್ಧ. ಗಡ್ಡೆ ನೀರಿನ ಜಾಗಕ್ಕೆ ಹತ್ತಿರ ಇದೆಯಾ, ಜೋರಾಗಿ ಬೆಳೆಯುತ್ತಿದೆಯಾ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಮಕ್ಕಳಲ್ಲಿ ತುಂಬ ಕಾಣುವ ಪೈಲೋಸೈಟಿಕ್ ಆಸ್ಟ್ರೋಸೈಟೋಮಾ ಇದೆಯಲ್ಲ, ನಿಧಾನದ ಗಡ್ಡೆ, ಅದು ನೀರಿಗೆ ಡಿಎನ್‌ಎ ಬಿಡುವುದೇ ಕಡಿಮೆ. ಒಳ್ಳೆಯ ಸ್ವಭಾವದ ಗಡ್ಡೆಯೇ ಈ ಪರೀಕ್ಷೆಗೆ ಕಷ್ಟ!

ದಾವಣಗೆರೆ ಅಮ್ಮ

ನನ್ನ ಮಗಳಿಗೆ ಮೆಡುಲ್ಲೋಬ್ಲಾಸ್ಟೋಮಾ (ಮೆದುಳಿನ ಹಿಂಭಾಗದಲ್ಲಿ ಬರುವ ಕ್ಯಾನ್ಸರ್ ಗಡ್ಡೆ) ಆಗಿತ್ತು. ಈಗ ಶಾಲೆಗೆ ಹೋಗುತ್ತಿದ್ದಾಳೆ. ಹಾಸನದ ಅಣ್ಣಾ, ನಿಮ್ಮದು ಬೇರೆ ಕಾಯಿಲೆ, ನಮ್ಮ ಕಥೆ ಕೇಳಿ ಆಸೆ ಇಟ್ಟುಕೊಳ್ಳಿ ಅಂತ ಹೇಳುತ್ತಿಲ್ಲ. ಬೆನ್ನುನೀರಿನ ಬಗ್ಗೆ ಮಾತ್ರ ಹೇಳುತ್ತೇನೆ.

ಈ ಕಾಯಿಲೆಯಲ್ಲಿ ಆಪರೇಷನ್ ಆಗಿ ಎರಡು ವಾರದ ಹೊತ್ತಿಗೆ ಹೇಗೂ ಬೆನ್ನುನೀರು ತೆಗೆಯುತ್ತಾರೆ. ಗಡ್ಡೆಯ ಜೀವಕೋಶ ಬೆನ್ನುಹುರಿ ಕಡೆ ಇಳಿದಿದೆಯಾ ಅಂತ ಮೈಕ್ರೋಸ್ಕೋಪ್‌ನಲ್ಲಿ ನೋಡುವುದಕ್ಕೆ. ನಮ್ಮವಳಿಗೂ ತೆಗೆದರು. ಜೀವಕೋಶ ಇಲ್ಲ ಅಂತ ರಿಪೋರ್ಟ್ ಬಂತು. ಉಳಿದ ನೀರನ್ನು ಇಟ್ಟಿದ್ದೀರಾ ಅಂತ ಕೇಳಿದೆ. "ಅದನ್ನೆಲ್ಲ ಇಡುವುದಿಲ್ಲ ಅಮ್ಮ" ಅಂದರು. ಚೆಲ್ಲಿದ್ದರು. ಜೀನ್ ಪರೀಕ್ಷೆ ಬಗ್ಗೆ ಒಬ್ಬರೂ ಮೊದಲೇ ಒಂದು ಮಾತು ಹೇಳಿರಲಿಲ್ಲ. ಮಗುವಿಗೆ ಅದಕ್ಕಾಗಿ ಇನ್ನೊಂದು ಸೂಜಿ ಬೇಕಿರಲಿಲ್ಲ, ಅಷ್ಟೇ ನನ್ನ ಸಿಟ್ಟು.

ಈಗ ಸ್ಕ್ಯಾನ್ ಹತ್ತಿರ ಬಂದರೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡುವುದಿಲ್ಲ. ಎಮ್‌ಆರ್‌ಐನಲ್ಲಿ ಒಂದು ಚುಕ್ಕೆ ಕಂಡರೆ, ಅದು ಕರೆಂಟಿನಿಂದ ಆದ ಗುರುತಾ, ಗಡ್ಡೆ ವಾಪಸ್ ಬಂದಿದೆಯಾ ಅಂತ ಡಾಕ್ಟರೇ "ಮೂರು ತಿಂಗಳು ಬಿಟ್ಟು ನೋಡೋಣ" ಅನ್ನುತ್ತಾರೆ. ಆ ಮೂರು ತಿಂಗಳು ಹೇಗಿರುತ್ತದೆ ಅಂತ ನಮಗೇ ಗೊತ್ತು.

ಪೆಥಾಲಜಿ ಲ್ಯಾಬ್‌ನವ

ಅಮ್ಮಾ, ನಿಮ್ಮ ಸಿಟ್ಟು ಸರಿಯಾಗಿದೆ. ನನ್ನ ಪ್ರಕಾರ ಬೆನ್ನುನೀರಿನ ಪರೀಕ್ಷೆಯ ನಿಜವಾದ ಬೆಲೆ ಇರುವುದು ನೀವು ಹೇಳಿದ ಈ ಜಾಗದಲ್ಲೇ. ಮೊದಲ ದಿನ ಬಯಾಪ್ಸಿ ತಪ್ಪಿಸುವುದಕ್ಕಿಂತ, ಆಮೇಲೆ ವರ್ಷಗಟ್ಟಲೆ ಕಣ್ಣಿಡುವುದಕ್ಕೆ ಇದು ಹೆಚ್ಚು ಬೇಕು. ತಲೆಯನ್ನು ಪದೇ ಪದೇ ತೆರೆಯಲಿಕ್ಕೆ ಆಗುವುದಿಲ್ಲ, ಬೆನ್ನುನೀರು ತೆಗೆಯಬಹುದು.

ಮೆಡುಲ್ಲೋಬ್ಲಾಸ್ಟೋಮಾದಲ್ಲಿ ಇದರ ಮೇಲೆ ಗಟ್ಟಿ ಕೆಲಸ ಆಗಿದೆ. ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯವರು ಮುಂದೆ ನಿಂತು ಮಾಡಿದ ಅಧ್ಯಯನ, 2021ರಲ್ಲಿ ಬಂತು. 123 ಮಕ್ಕಳು, ಬೇರೆ ಬೇರೆ ಹಂತದಲ್ಲಿ ತೆಗೆದ 476 ಬೆನ್ನುನೀರಿನ ಮಾದರಿ. ಅವರು ಒಂದೊಂದು ಅಕ್ಷರದ ತಪ್ಪು ಹುಡುಕಲಿಲ್ಲ. ಕ್ರೋಮೋಸೋಮಿನ ಯಾವ ತುಂಡು ಜಾಸ್ತಿಯಾಗಿದೆ, ಯಾವುದು ಕಳೆದುಹೋಗಿದೆ ಅಂತ ಆಳಕ್ಕೆ ಇಳಿಯದೆ ಸ್ಥೂಲವಾಗಿ ಓದಿದರು. ಅದಕ್ಕೆ ಖರ್ಚೂ ಕಡಿಮೆ. ಶುರುವಿನಲ್ಲಿ ಒಂದೇ ಜಾಗದಲ್ಲಿ ಗಡ್ಡೆ ಇದ್ದ ಮಕ್ಕಳಲ್ಲಿ ಶೇಕಡ 64, ಹರಡಿದ್ದ ಮಕ್ಕಳಲ್ಲಿ ಶೇಕಡ 85 ಜನರ ನೀರಿನಲ್ಲಿ ಗುರುತು ಸಿಕ್ಕಿತು. ಮುಂದೆ ಕಾಯಿಲೆ ಮರಳಿದ ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಸ್ಕ್ಯಾನ್‌ನಲ್ಲಿ ಕಾಣುವ ಮೊದಲೇ ಬೆನ್ನುನೀರು ಹೇಳಿತ್ತು.

ಅರ್ಧ ಜನರಿಗೆ ಹೇಳಲಿಲ್ಲ ಅನ್ನುವುದನ್ನೂ ಓದಿಕೊಳ್ಳಿ.

ಉಟ್ರೆಕ್ಟ್ ಕನ್ನಡಿಗ

ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿದ್ದೇನೆ. ನಾನು ಸಾಫ್ಟ್‌ವೇರ್ ಮನುಷ್ಯ, ಆಸ್ಪತ್ರೆಗೂ ನನಗೂ ಸಂಬಂಧ ಇಲ್ಲ. ಆದರೆ ಇದೇ ಊರಿನ ಸಂಶೋಧಕರು ಮಾಡಿದ ಒಂದು ಕೆಲಸ ಇಲ್ಲಿ ಹೇಳಲೇಬೇಕು. ಮಕ್ಕಳ ಕ್ಯಾನ್ಸರಿಗೆಂದೇ ಇರುವ ಪ್ರಿನ್ಸೆಸ್ ಮಾಕ್ಸಿಮಾ ಕೇಂದ್ರ ಇರುವುದೂ ಇಲ್ಲೇ.

ಡಿಎನ್‌ಎ ಮೇಲೆ ಮಿಥೈಲ್ ಅನ್ನುವ ಸಣ್ಣ ಗುರುತುಗಳು ಕೂತಿರುತ್ತವೆ. ಯಾವ ಜಾತಿಯ ಗಡ್ಡೆಯೋ ಆ ಜಾತಿಯ ಗುರುತಿನ ಮಾದರಿ. ಜರ್ಮನಿಯ ಹೈಡೆಲ್‌ಬರ್ಗ್‌ನವರು 2018ರಲ್ಲಿ ಇದನ್ನು ಇಟ್ಟುಕೊಂಡು ಮೆದುಳಿನ ಗಡ್ಡೆಗಳನ್ನು ವಿಂಗಡಿಸುವ ವ್ಯವಸ್ಥೆ ಕೊಟ್ಟರು. ಆದರೆ ರಿಪೋರ್ಟ್ ಬರಲು ಸಮಯ ಹಿಡಿಯುತ್ತದೆ. ಇಲ್ಲಿನವರು ಸ್ಟರ್ಜನ್ ಅನ್ನುವ ಪ್ರೋಗ್ರಾಂ ಬರೆದರು. ಆಪರೇಷನ್ ನಡೆಯುತ್ತಿರುವಾಗಲೇ ಚೂರು ಗಡ್ಡೆ ತೆಗೆದು, ನ್ಯಾನೋಪೋರ್ ಯಂತ್ರದಲ್ಲಿ ಡಿಎನ್‌ಎ ಓದಿಸಿ, ಒಂದೂವರೆ ಗಂಟೆಯೊಳಗೆ ಇದು ಇಂಥ ಗಡ್ಡೆ ಅಂತ ಸರ್ಜನ್‌ಗೆ ಹೇಳುವುದು. 2023ರಲ್ಲಿ ಪ್ರಕಟವಾದಾಗ 25 ಆಪರೇಷನ್‌ಗಳಲ್ಲಿ ನೋಡಿದ್ದರು. 18ರಲ್ಲಿ ಸರಿ ಉತ್ತರ. ಉಳಿದ ಏಳರಲ್ಲಿ ಖಚಿತವಾಗಿ ಹೇಳಲಾಗಲಿಲ್ಲ. ಹೇಳಲಾಗದಾಗ ಸುಮ್ಮನಿರುವ ಪ್ರೋಗ್ರಾಂ, ಅದು ನನಗೆ ಇಷ್ಟವಾಯಿತು.

ಇದರಲ್ಲಿ ತಲೆ ತೆರೆಯಲೇಬೇಕು, ನಿಜ. ಆದರೆ ಎಷ್ಟು ಕತ್ತರಿಸಬೇಕು ಅನ್ನುವುದು ಗಡ್ಡೆಯ ಜಾತಿ ಮೇಲೆ ಬದಲಾಗುತ್ತದೆ. ಕೊನೆಯ ಚೂರನ್ನೂ ತೆಗೆಯಲು ಹೋಗಿ ಮಗುವಿನ ಕೈಕಾಲಿನ ಶಕ್ತಿ ಕಳೆಯುವ ಅಗತ್ಯ ಇಲ್ಲ ಅಂತ ಅಲ್ಲೇ ಗೊತ್ತಾದರೆ, ಗಾಯ ಕಡಿಮೆಯಾದ ಹಾಗೇ ಅಲ್ವಾ?

ಕೃಷ್ಣಾ ತೀರ

ಎಲ್ಲ ಓದಿದೆ. ಒಂದು ಮಾತು ಖಾರವಾಗಿ ಕೇಳುತ್ತೇನೆ, ಹಾಸನದವರು ಕ್ಷಮಿಸಬೇಕು. ಗಡ್ಡೆಯ ಹೆಸರು ಗೊತ್ತಾಗಿ ಮಾಡುವುದೇನು? ಕೆ27ಎಮ್ ಇದ್ದರೂ ಕರೆಂಟ್, ಇಲ್ಲದಿದ್ದರೂ ಕರೆಂಟ್. ಡಿಐಪಿಜಿ ಮಕ್ಕಳಲ್ಲಿ ಹೆಚ್ಚಿನವರು ಒಂದು ವರ್ಷ ದಾಟುವುದಿಲ್ಲ ಅಂತ ಎಲ್ಲ ಕಡೆ ಬರೆದಿದ್ದಾರೆ. ಆ ವರ್ಷದಲ್ಲಿ ಮಗುವಿಗೆ ಸೂಜಿ, ಡ್ರಿಲ್, ಕಾಯುವುದು, ಸಾಲ. ನಮ್ಮ ಕಡೆ ಹೊಲ ಮಾರಿ ಪರೀಕ್ಷೆ ಮಾಡಿಸಿದವರನ್ನು ನೋಡಿದ್ದೇನೆ. ರಿಪೋರ್ಟ್ ಬಂತು, ಔಷಧಿ ಬರಲಿಲ್ಲ.

ಪೆಥಾಲಜಿ ಲ್ಯಾಬ್‌ನವ

ನಿಮ್ಮ ಪ್ರಶ್ನೆಗೆ ಹತ್ತು ವರ್ಷದ ಹಿಂದೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಈಗ ಸ್ವಲ್ಪ ಇದೆ. ಸ್ವಲ್ಪವೇ.

2025ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡೋರ್ಡಾವಿಪ್ರೋನ್ ಅನ್ನುವ ಮಾತ್ರೆಗೆ ತ್ವರಿತ ಅನುಮತಿ ಕೊಟ್ಟಿತು. ಮೊದಲು ಒಎನ್‌ಸಿ201 ಅಂತ ಕರೆಯುತ್ತಿದ್ದರು. ಕೆ27ಎಮ್ ಇರುವ ಮಿಡ್‌ಲೈನ್ ಗ್ಲಿಯೋಮಾ ಚಿಕಿತ್ಸೆ ಆದ ಮೇಲೂ ಬೆಳೆದರೆ, ಒಂದು ವರ್ಷ ತುಂಬಿದ ಮಕ್ಕಳಿಂದ ಹಿಡಿದು ದೊಡ್ಡವರವರೆಗೆ. ಆ ಮಾತ್ರೆ ಕೊಡಬೇಕಾದರೆ ಕೆ27ಎಮ್ ಇದೆ ಅಂತ ಗೊತ್ತಿರಬೇಕು. ಈಗ ತಣ್ಣೀರು. ಅನುಮತಿಗೆ ಆಧಾರವಾದವರು 50 ರೋಗಿಗಳು, ಗಡ್ಡೆ ಕುಗ್ಗಿದ್ದು ಶೇಕಡ 22 ಜನರಿಗೆ. ಆ 50 ಜನರಲ್ಲಿ ಪಾನ್ಸ್‌ನ ಡಿಐಪಿಜಿ ಇದ್ದವರನ್ನು ಸೇರಿಸಿಯೇ ಇರಲಿಲ್ಲ. ವಾಟ್ಸಾಪ್ ಸುದ್ದಿಯಲ್ಲಿ ಈ ಸಾಲು ಬರುವುದಿಲ್ಲ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಎಮ್‌ಆರ್‌ಐನಲ್ಲಿ ಪಾನ್ಸ್ ಗಡ್ಡೆಯ ಹಾಗೆ ಕಂಡದ್ದೆಲ್ಲ ಡಿಐಪಿಜಿ ಆಗಿರಬೇಕಿಲ್ಲ. ಸ್ಕ್ಯಾನ್ ಚಿತ್ರ ಸ್ವಲ್ಪ ಬೇರೆ ಥರ ಇದ್ದರೆ ಅನುಮಾನ ಪಡಲೇಬೇಕು. ಬಿಆರ್‌ಎಎಫ್ ಅನ್ನುವ ಜೀನ್‌ನಲ್ಲಿ ತಪ್ಪು ಇರುವ ನಿಧಾನ ಗಡ್ಡೆ ಆಗಿದ್ದರೆ ಕಥೆಯೇ ಬೇರೆ. ಆ ಜೀನ್‌ನಲ್ಲಿ ವಿ600ಇ ಅನ್ನುವ ತಪ್ಪು ಇರುವ ನಿಧಾನ ಗಡ್ಡೆಗೆ ಡಬ್ರಾಫೆನಿಬ್, ಟ್ರಾಮೆಟಿನಿಬ್ ಔಷಧಿಗಳ ಜೋಡಿಯನ್ನು 2023ರಲ್ಲಿ ಮಕ್ಕಳಿಗೆ ಒಪ್ಪಿದರು. 2024ರಲ್ಲಿ ಟೋವೊರಾಫೆನಿಬ್ ಬಂತು. ಅಂಥ ಮಗುವಿಗೆ ಡಿಐಪಿಜಿ ಅಂದುಕೊಂಡು ಕರೆಂಟ್ ಕೊಟ್ಟು ಕೈ ಚೆಲ್ಲಿದರೆ?

ಮತ್ತೆ, ಹೆಸರು ಗೊತ್ತಾದರೆ ಚಿಕಿತ್ಸೆ ಕಡಿಮೆ ಮಾಡಲೂ ಆಗುತ್ತದೆ. ಮೆಡುಲ್ಲೋಬ್ಲಾಸ್ಟೋಮಾದ ನಾಲ್ಕು ಗುಂಪುಗಳಲ್ಲಿ ಡಬ್ಲ್ಯುಎನ್‌ಟಿ ಗುಂಪಿನ ಮಕ್ಕಳು ಬಹುಪಾಲು ಗುಣವಾಗುತ್ತಾರೆ. ಅವರಿಗೆ ಇಡೀ ಮೆದುಳು, ಬೆನ್ನುಹುರಿಗೆ ಕೊಡುವ ಕರೆಂಟ್ ಪ್ರಮಾಣವನ್ನು 23.4 ಗ್ರೇಯಿಂದ (ಗ್ರೇ ಅಂದರೆ ಕರೆಂಟ್ ಅಳೆಯುವ ಮಾನ) 18ಕ್ಕೆ ಇಳಿಸಿ ಅಧ್ಯಯನ ನಡೆದಿದೆ. ಬೆಳೆಯುವ ಮಗುವಿನ ಬುದ್ಧಿಗೆ, ಎತ್ತರಕ್ಕೆ ಅದು ದೊಡ್ಡ ವ್ಯತ್ಯಾಸ. ಇನ್ನೂ ಕಡಿಮೆ ಮಾಡಬಹುದಾ ಅಂತ ಮುಂಬೈನ ಟಾಟಾ ಮೆಮೋರಿಯಲ್‌ನವರು ಪರೀಕ್ಷಿಸಿದರು. ಇಡೀ ಮೆದುಳು, ಬೆನ್ನುಹುರಿಗೆ ಕೊಡುವ ಕರೆಂಟ್ ಬಿಟ್ಟು, ಗಡ್ಡೆ ಇದ್ದ ಜಾಗಕ್ಕೆ ಮಾತ್ರ ಕೊಟ್ಟರು. ಕೆಲವು ಮಕ್ಕಳಲ್ಲಿ ಕಾಯಿಲೆ ಬೇರೆ ಕಡೆ ಮರಳಿತು. ಅಧ್ಯಯನವನ್ನು ಅಲ್ಲಿಗೇ ನಿಲ್ಲಿಸಿದರು. ಎಷ್ಟು ಇಳಿಸಬಹುದು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಹೀಗೆ ಗೊತ್ತಾಗಬೇಕು, ಬೇರೆ ದಾರಿ ಇಲ್ಲ.

ನಿವೃತ್ತ ಸಿಸ್ಟರ್

ಕೃಷ್ಣಾ ತೀರದವರು ಸಾಲದ ಬಗ್ಗೆ ಹೇಳಿದ್ದು ಸುಳ್ಳಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದರೆ ಯಾವ ಪರೀಕ್ಷೆ ಪ್ಯಾಕೇಜ್ ಒಳಗೆ, ಯಾವುದು ಕೈಯಿಂದ ಅಂತ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರನ ಹತ್ತಿರ ಕೇಳಿ. ಮಾದರಿ ಹೊರಗಿನ ಲ್ಯಾಬಿಗೆ ಹೋದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಇನ್ನೊಂದು. ತಲೆ ತೆರೆಯದೆ ಕಾಯಿಲೆ ಪತ್ತೆ ಮಾಡುವುದು ಹೊಸ ಕಥೆಯೇನಲ್ಲ. ಪೀನಿಯಲ್ ಗ್ರಂಥಿ ಹತ್ತಿರ ಬರುವ ಜರ್ಮ್ ಸೆಲ್ ಗಡ್ಡೆಗೆ ರಕ್ತದಲ್ಲಿ, ಬೆನ್ನುನೀರಿನಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ ಅನ್ನುವ, ಗಡ್ಡೆ ಬಿಡುವ ಪ್ರೋಟೀನುಗಳನ್ನು ನೋಡುತ್ತಾರೆ. ಅವು ಏರಿದ್ದರೆ ಬಯಾಪ್ಸಿ ಇಲ್ಲದೆ ಕೀಮೋ ಶುರು. ನನ್ನ ಸರ್ವಿಸ್‌ನಲ್ಲೇ ನೋಡಿದ್ದೇನೆ.

ಪೆಥಾಲಜಿ ಲ್ಯಾಬ್‌ನವ

ಸಿಸ್ಟರ್ ಒಳ್ಳೆಯ ಉದಾಹರಣೆ ಕೊಟ್ಟರು. ಮಕ್ಕಳ ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾ ಇನ್ನೊಂದು. ಅದಕ್ಕೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಕಣ್ಣಿನ ಹೊರಗೆ ಹರಡುವ ಭಯ, ಹಾಗಾಗಿ ಬಯಾಪ್ಸಿಯೇ ಮಾಡುತ್ತಿರಲಿಲ್ಲ. ಲಾಸ್ ಏಂಜಲೀಸ್ ಮಕ್ಕಳ ಆಸ್ಪತ್ರೆಯಲ್ಲಿ ಜೆಸ್ಸಿ ಬೆರ್ರಿ ಅವರ ತಂಡ ಕಣ್ಣಿನ ಮುಂಭಾಗದ ನೀರಿನಲ್ಲೇ ಗಡ್ಡೆಯ ಡಿಎನ್‌ಎ ಸಿಗುತ್ತದೆ ಅಂತ 2017ರಲ್ಲಿ ತೋರಿಸಿತು. ಅದೇ ಆಸ್ಪತ್ರೆ ಈಗ ಮಕ್ಕಳ ಮೆದುಳಿನ ಗಡ್ಡೆಗೆ ಬೆನ್ನುನೀರಿನಲ್ಲೂ ಇಂಥ ಪರೀಕ್ಷೆ ಮಾಡುತ್ತಿದೆ. ಭಾವನವರಿಗೆ ಬಂದ ಸುದ್ದಿ ಇಂಥದೇ ಯಾವುದೋ ಇರಬೇಕು.

ಹಾಸನದ ಮಾವ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಭಾವನಿಗೆ ಇದನ್ನೆಲ್ಲ ಓದಿ ಹೇಳಿದೆ. ತಲೆಯಲ್ಲಿ ನೀರು ತುಂಬಿಲ್ಲ ಅಂತ ಡಾಕ್ಟರ್ ಹೇಳಿದರು. ಸ್ಟೀರಾಯ್ಡ್ ಕೊಟ್ಟ ಮೇಲೆ ನಡಿಗೆ ಸ್ವಲ್ಪ ಸುಧಾರಿಸಿದೆ. ಬೆನ್ನುನೀರಿನ ಜೀನ್ ಪರೀಕ್ಷೆ ತಮ್ಮಲ್ಲಿ ಇಲ್ಲ, ಹೊರಗೆ ಕಳಿಸಬೇಕು, ಅದೊಂದನ್ನೇ ನಂಬಿ ಚಿಕಿತ್ಸೆ ನಿರ್ಧಾರ ಮಾಡುವುದಿಲ್ಲ ಅಂದರು. ಬಯಾಪ್ಸಿ ಮಾಡುವ ಅನುಭವ ಇರುವ ಸರ್ಜನ್ ಇದ್ದಾರಂತೆ. ಭಾವ ಇನ್ನೂ ಅಳುಕುತ್ತಿದ್ದಾರೆ. ಪಾನ್ಸ್‌ಗೆ ಸೂಜಿ ಅಂದರೆ ಎಷ್ಟು ಅಪಾಯ?

ಪೆಥಾಲಜಿ ಲ್ಯಾಬ್‌ನವ

ಇದನ್ನು ಸರ್ಜನ್ ಬಾಯಲ್ಲೇ ಕೇಳಬೇಕು, ಅವರ ಕೈಯಲ್ಲಿ ಎಷ್ಟು ಮಕ್ಕಳಿಗೆ ಆಗಿದೆ ಅನ್ನುವುದೂ ಸೇರಿಸಿ. ಪ್ಯಾರಿಸ್‌ನ ನೆಕರ್ ಮಕ್ಕಳ ಆಸ್ಪತ್ರೆಯವರು 2007ರಲ್ಲಿ ಪಾನ್ಸ್ ಗಡ್ಡೆಯ 24 ಮಕ್ಕಳ ಬಯಾಪ್ಸಿ ಲೆಕ್ಕ ಪ್ರಕಟಿಸಿದರು. ಯಾವ ಮಗುವೂ ಅದರಿಂದ ಸಾಯಲಿಲ್ಲ. ಅದಕ್ಕೂ ಮೊದಲು ಸ್ಕ್ಯಾನ್ ನೋಡಿಯೇ ಕರೆಂಟ್ ಕೊಡುವುದು ರೂಢಿಯಾಗಿತ್ತು, ಆಮೇಲೆ ಹಲವು ಕಡೆ ಬಯಾಪ್ಸಿ ಶುರುವಾಯಿತು. ಅಪಾಯ ಸೊನ್ನೆ ಅಂತ ಯಾರೂ ಹೇಳುವುದಿಲ್ಲ. ಅನುಭವ ಇರುವ ಕೈಯಲ್ಲಿ ಜನ ಅಂದುಕೊಂಡಷ್ಟಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಬಯಾಪ್ಸಿ ಮಾಡಿಸುತ್ತಿದ್ದೆ, ಅದೇ ಮಂಪರಿನಲ್ಲಿ ಬೆನ್ನುನೀರೂ ತೆಗೆದಿಡಬಹುದಾ ಅಂತ ಕೇಳುತ್ತಿದ್ದೆ. ಕರೆಂಟ್ ಶುರುವಾಗುವ ಮೊದಲಿನ ಮಾದರಿ ಇದ್ದರೆ ಮುಂದೆ ಹೋಲಿಸಲು ಒಂದು ಆಧಾರ. ಈ ಗಡ್ಡೆಗೆ ಸಾಮಾನ್ಯವಾಗಿ 30 ಸಿಟ್ಟಿಂಗ್, ಒಟ್ಟು 54 ಗ್ರೇ ಕೊಡುತ್ತಾರೆ. ಅದಾದ ಮೇಲೆ ಸ್ಕ್ಯಾನ್‌ನಲ್ಲಿ ಊತ ಕಂಡು ಗಲಿಬಿಲಿಯಾಗುವುದುಂಟು. ಆಗ ಹಳೆಯ ಮಾದರಿ ಸಹಾಯಕ್ಕೆ ಬರಬಹುದು. ಆದರೆ ಇದಕ್ಕೋಸ್ಕರ ಕರೆಂಟನ್ನು ವಾರಗಟ್ಟಲೆ ಮುಂದೂಡಬೇಡಿ. ಡಾಕ್ಟರ್ ಬೇಡ ಅಂದರೆ ಕಾರಣ ಕೇಳಿ, ಒಪ್ಪಿಗೆಯಾದರೆ ಬಿಟ್ಟುಬಿಡಿ.

ಗಡ್ಡೆಯ ಚೂರು ಸಿಕ್ಕರೆ ಕೆ27ಎಮ್ ಇದೆಯಾ ಅಂತ ಬಣ್ಣ ಹಾಕಿ ನೋಡುವ ಸರಳ ಪರೀಕ್ಷೆ ಇದೆ. ದೊಡ್ಡ ಜೀನ್ ಪರೀಕ್ಷೆಗೆ ದುಡ್ಡು ಹಾಕುವ ಮೊದಲು ಅದು ಆಗಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪೆಥಾಲಜಿಗೇ ಬೇರೆ ವಿಭಾಗ ಇದೆ. ಎರಡನೇ ಅಭಿಪ್ರಾಯ ಬೇಕಾದರೆ ಅಂಥ ಕಡೆ ತೋರಿಸಬಹುದು.

ಕೃಷ್ಣಾ ತೀರ

ಇದು ಒಪ್ಪುವ ಮಾತು. ಸಣ್ಣ ಪರೀಕ್ಷೆ ಮೊದಲು. ಮಾವನವರೇ, ಹುಡುಗನ ಜೊತೆ ಯಾರಾದರೂ ಒಬ್ಬರು ಸುಮ್ನೆ ಆಟ ಆಡಿಕೊಂಡು ಇರಲಿ. ಎಲ್ಲರೂ ರಿಪೋರ್ಟ್ ಹಿಂದೆ ಓಡಬೇಡಿ.

ದಾವಣಗೆರೆ ಅಮ್ಮ

ಲ್ಯಾಬ್‌ನವರೇ, ನನ್ನದೊಂದು ಪ್ರಶ್ನೆ. ಮಗಳ ಗಡ್ಡೆಯ ಬ್ಲಾಕ್ ಆಪರೇಷನ್ ಆದ ಆಸ್ಪತ್ರೆಯಲ್ಲೇ ಇದೆ. ಅವಳು ಯಾವ ಗುಂಪು ಅಂತ ಈಗಲೂ ನೋಡಿಸಬಹುದಾ? ನೀರಂತೂ ಹೋಯಿತು.

ಪೆಥಾಲಜಿ ಲ್ಯಾಬ್‌ನವ

ನೋಡಿಸಬಹುದು. ಬ್ಲಾಕ್ ಅಂದರೆ ಮೇಣದಲ್ಲಿ ಕೂರಿಸಿದ ಗಡ್ಡೆಯ ಚೂರು. ಅದಕ್ಕೆ ಫ್ರಿಜ್ ಬೇಡ, ವರ್ಷಗಟ್ಟಲೆ ಇರುತ್ತದೆ. ಅರ್ಜಿ ಬರೆದು, ಡಿಸ್ಚಾರ್ಜ್ ಸಮ್ಮರಿ ಮತ್ತು ಬಯಾಪ್ಸಿ ನಂಬರ್ ಕೊಟ್ಟು ಕೇಳಿ. ಪೂರ್ತಿ ಬ್ಲಾಕ್ ಕೊಡಲು ಹಿಂದೆ ಮುಂದೆ ನೋಡಿದರೆ, ಅದರಿಂದ ಕತ್ತರಿಸಿದ ಬಣ್ಣ ಹಾಕದ ಸ್ಲೈಡ್‌ಗಳು ಸಾಕಾ ಅಂತ ಪರೀಕ್ಷೆ ಮಾಡುವ ಲ್ಯಾಬಿಗೆ ಮೊದಲೇ ಫೋನ್ ಮಾಡಿ. ಬೇಸಿಗೆಯಲ್ಲಿ ಕಳಿಸುವಾಗ ಬಿಸಿಲು ತಾಗದ ಹಾಗೆ ಪ್ಯಾಕ್ ಮಾಡಿಸಿ, ಮೇಣ ಕರಗುತ್ತದೆ.

ಬೆನ್ನುನೀರು ಹಾಗೆ ಕಾಯುವುದಿಲ್ಲ. ತೆಗೆದ ಒಂದೆರಡು ಗಂಟೆಯಲ್ಲಿ ಯಂತ್ರದಲ್ಲಿ ಜೋರಾಗಿ ತಿರುಗಿಸಿ ಜೀವಕೋಶ ಬೇರೆ ಮಾಡಿ ಫ್ರೀಜ್ ಮಾಡಬೇಕು, ಇಲ್ಲವೇ ಡಿಎನ್‌ಎ ಕಾಪಾಡುವ ವಿಶೇಷ ಟ್ಯೂಬಿಗೆ ಹಾಕಬೇಕು. ಹಾಸನದವರು ಹೊರಗೆ ಕಳಿಸುವುದಾದರೆ ಟ್ಯೂಬ್ ಯಾವುದು ಅಂತ ಲ್ಯಾಬಿನವರನ್ನು ಹಿಂದಿನ ದಿನವೇ ಕೇಳಿ ತರಿಸಿಟ್ಟುಕೊಳ್ಳಿ. ಶನಿವಾರ ಸಂಜೆ ತೆಗೆಯುವುದು ಬೇಡ, ಕೊರಿಯರ್ ಸೋಮವಾರವೇ ಹೊರಡುವುದು.